ಟ್ಯಾಕ್ಸಿ ಇಲ್ಲದೆ ಹಂಪಿ, ಗದಗ, ಬಾದಾಮಿ

ದಸರಾ ರಜೆಗೆ ಹಂಪಿ, ಬಾದಾಮಿ ಕಡೆ ಹೋಗೋದು ಅಂತ ಆದ ಮೇಲೆ ಟ್ಯಾಕ್ಸಿಯವರೊಬ್ಬರಿಗೆ ಫೋನ್ ಮಾಡಿದೆ. ಕಿಲೋಮೀಟರಿಗೆ 14 ರೂಪಾಯಿ, ದಿನಕ್ಕೆ ಕನಿಷ್ಠ 300 ಕಿಲೋಮೀಟರ್, ಅದರ ಮೇಲೆ ಡ್ರೈವರ್ ಭತ್ಯೆ, ಟೋಲ್, ಪಾರ್ಕಿಂಗ್. ಇದರಲ್ಲಿ ಆ ‘ಕನಿಷ್ಠ 300’ ಅನ್ನೋದೇ ಪೆಟ್ಟು. ಕಾರು ಹಂಪಿಯಲ್ಲಿ ಬೆಳಗ್ಗಿಂದ ಸಂಜೆವರೆಗೆ ಬೇವಿನ ಮರದ ಕೆಳಗೆ ಸುಮ್ನೆ ನಿಂತಿದ್ದರೂ 4,200 ರೂಪಾಯಿ ಓಡುತ್ತಲೇ ಇರುತ್ತದೆ. ಐದು ದಿನಕ್ಕೆ 21,000. ಊಟ, ರೂಮು, ದೇವಸ್ಥಾನ ಇನ್ನೂ ಶುರುವೇ ಆಗಿಲ್ಲ. ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ.

ನಮ್ಮ ಗುಂಪು ಅಂದರೆ ಅಮ್ಮ, ಅಕ್ಕ, ನಾನು, ನನ್ನ ಎಂಟು ವರ್ಷದ ಮಗ. ಅಮ್ಮನಿಗೆ ಮಂಡಿ ನೋವು, ಬೆಟ್ಟ ಹತ್ತಲ್ಲ. ಅಕ್ಕ ಇರೋದು ಹೈದರಾಬಾದಿನಲ್ಲಿ, ರಜೆಗೆ ಬಂದಿದ್ದಳು. ನಾಲ್ಕು ಜನಕ್ಕೆ ಎಲ್ಲಾ ಸೇರಿ 15,000 ದಾಟಬಾರದು ಅಂತ ಮಾತಾಯಿತು. ಅಕ್ಕ, ನಾನು ಸಮ ಸಮ ಹಾಕಿ ಒಂದು ಜಿಪ್ ಪರ್ಸಿನಲ್ಲಿ ಇಟ್ಟೆವು. ಲೆಕ್ಕ ಬರೆಯೋ ಕೆಲಸ ಮಗನಿಗೆ. ಅವನು ಅದನ್ನ ಎಷ್ಟು ಗಂಭೀರವಾಗಿ ತಗೊಂಡ ಅಂದರೆ ನಾವು ಟೀ ಕುಡಿದರೂ ‘ಎಷ್ಟು?’ ಅಂತ ಪೆನ್ನು ತೆಗೆಯುತ್ತಿದ್ದ.

ನನ್ನ ಅನುಭವದಲ್ಲಿ ಟ್ರಿಪ್ಪಿನಲ್ಲಿ ದುಡ್ಡು ಹೋಗೋದು ದುಬಾರಿ ಜಾಗಕ್ಕಲ್ಲ, ಅವಸರಕ್ಕೆ. ಹೊಟ್ಟೆ ಹಸಿದು ತಡೆಯೋಕಾಗದೆ ಕಂಡ ಹೋಟೆಲಿಗೆ ನುಗ್ಗಿದಾಗ, ಬಿಸಿಲಲ್ಲಿ ಸುಸ್ತಾಗಿ ಆಟೋದವರು ಕೇಳಿದಷ್ಟು ಕೊಟ್ಟಾಗ, ರಾತ್ರಿ ಒಂಬತ್ತಕ್ಕೆ ಊರಿಗೆ ಬಂದು ಮೊದಲು ಸಿಕ್ಕಿದ ಲಾಡ್ಜಿಗೆ ಹೂಂ ಅಂದಾಗ ಪರ್ಸು ಖಾಲಿಯಾಗುತ್ತದೆ. ಅದಕ್ಕೇ ಈ ಸಲ ಊರು ಕಡಿಮೆ, ಬಿಡುವು ಜಾಸ್ತಿ ಅಂತ ಇಟ್ಟುಕೊಂಡೆ. ವಿಜಯಪುರ ಕೈಬಿಟ್ಟೆ. ಒಂದು ಊರು ಸೇರಿಸಿದರೆ ಒಂದು ಲಾಡ್ಜು, ಎರಡು ಪ್ರಯಾಣ, ಅರ್ಧ ದಿನದ ಓಡಾಟ ಸೇರುತ್ತೆ.

ಮಂಗಳವಾರ ರಾತ್ರಿ

ಹಂಪಿ ಎಕ್ಸ್‌ಪ್ರೆಸ್, ಸ್ಲೀಪರ್. ರಾತ್ರಿ ಬೆಂಗಳೂರು ಬಿಟ್ಟು ಧರ್ಮಾವರಂ, ಗುಂತಕಲ್, ಬಳ್ಳಾರಿ ಸುತ್ತಿಕೊಂಡು ಬೆಳಗ್ಗೆ ಹೊಸಪೇಟೆಗೆ ಬಿಡುತ್ತದೆ. ರಾತ್ರಿ ರೈಲು ಅಂದರೆ ಒಂದು ದಿನದ ರೂಮಿನ ಬಾಡಿಗೆ ಉಳೀತು ಅಂತಲೇ ಲೆಕ್ಕ.

ಬುಕಿಂಗ್ ಬಗ್ಗೆ ಒಂದೆರಡು ಮಾತು. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಶುರುವಾಗುತ್ತದೆ. 2024ರ ಅಕ್ಟೋಬರ್‌ವರೆಗೆ 120 ದಿನ ಇತ್ತು. ದಸರಾ ರಜೆ ಅಂದಮೇಲೆ ತಡ ಮಾಡಿದರೆ ವೇಟಿಂಗ್ ಲಿಸ್ಟ್, ಆಮೇಲೆ ತತ್ಕಾಲ್, ಅಲ್ಲಿ ಮತ್ತೆ ದುಡ್ಡು. ಹಾಗಾಗಿ ಬುಕಿಂಗ್ ತೆರೆದ ದಿನವೇ ಬೆಳಗ್ಗೆ ಎಂಟಕ್ಕೆ ಕೂತು ಹೋಗೋದಕ್ಕೆ ಬುಕ್ ಮಾಡಿದೆ, ಬರೋದಕ್ಕೂ ಅದರ ದಿನ ಬಂದಾಗ ಹಾಗೇ ಮಾಡಿದೆ. ನಾಲ್ವರನ್ನೂ ಒಂದೇ ಟಿಕೆಟ್ಟಿಗೆ ಹಾಕಲಿಲ್ಲ. ಅಮ್ಮ, ಅಕ್ಕನಿಗೆ ಒಂದು ಟಿಕೆಟ್, ನನಗೂ ಮಗನಿಗೂ ಒಂದು. ಕಾರಣ ಇಷ್ಟೇ: 45 ದಾಟಿದ ಹೆಂಗಸರಿಗೆ ಮತ್ತು ಹಿರಿಯರಿಗೆ ಕೆಳಗಿನ ಬರ್ತಿನ ಕೋಟಾ ಇದೆ, ಅದು ಒಬ್ಬರು ಅಥವಾ ಇಬ್ಬರು ಇರೋ ಟಿಕೆಟ್ಟಿಗೆ ಮಾತ್ರ. ಅಕ್ಕನಿಗೆ 47. ಇಬ್ಬರಿಗೂ ಕೆಳಗಿನ ಬರ್ತ್ ಸಿಕ್ಕಿತು. ‘ನನ್ನ ವಯಸ್ಸು ಒಂದು ಕಡೆಯಾದ್ರೂ ಉಪಯೋಗಕ್ಕೆ ಬಂತಲ್ಲ’ ಅಂದಳು ಅಕ್ಕ.

ಹಿರಿಯ ನಾಗರಿಕರಿಗೆ ರೈಲ್ವೆಯಲ್ಲಿ ಇದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿದ್ದು. ಅಮ್ಮನಿಗೆ ಪೂರ್ತಿ ಚಾರ್ಜು. ಮಗನಿಗೆ ಅರ್ಧ ಟಿಕೆಟ್ ತೆಗೆಸಬಹುದಿತ್ತು, ಆದರೆ 5ರಿಂದ 12 ವರ್ಷದೊಳಗಿನ ಮಕ್ಕಳಿಗೆ ಅರ್ಧ ಟಿಕೆಟ್ ಅಂದರೆ ಬರ್ತ್ ಇಲ್ಲ. ಎಂಟು ವರ್ಷದ ಹುಡುಗನ ಜೊತೆ ಒಂದೇ ಬರ್ತಿನಲ್ಲಿ ಮಲಗಿದರೆ ಮಾರನೇ ದಿನ ನಾನು ಹಂಪಿಯಲ್ಲಿ ನಿದ್ದೆ ಮಾಡಬೇಕಾಗುತ್ತೆ. ಪೂರ್ತಿ ಕೊಟ್ಟೆ.

ಅಮ್ಮ ಚಪಾತಿ, ಆಲೂಗಡ್ಡೆ ಪಲ್ಯ, ಮಾರನೇ ದಿನಕ್ಕೆ ಅಂತ ಪುಳಿಯೋಗರೆ ಗೊಜ್ಜು, ಕೋಡುಬಳೆ, ಅವಲಕ್ಕಿ ಎಲ್ಲಾ ಕಟ್ಟಿದ್ದಳು. ‘ಇಷ್ಟೊಂದು ಯಾಕಮ್ಮ?’ ಅಂದರೆ ‘ಸುಮ್ನಿರೇ, ರೈಲಲ್ಲಿ ಒಂದು ಕಾಫಿಗೆ ಎಷ್ಟು ತಗೋತಾರೆ ಗೊತ್ತಾ?’ ಅಂದಳು.

ಬುಧವಾರ, ಹಂಪಿ

ಹೊಸಪೇಟೆ ಸ್ಟೇಷನ್ ಬಾಗಿಲು ದಾಟೋದೇ ತಡ, ಆಟೋದವರು ಸುತ್ತಿಕೊಂಡರು. ಹಂಪಿಗೆ 400, ಆಮೇಲೆ 350, ನಾವು ನಡೆಯೋಕೆ ಶುರು ಮಾಡಿದ ಮೇಲೆ 300. ಇದು ಅವಸರದ ಮೊದಲ ಪರೀಕ್ಷೆ. ನಾವು ಬಸ್ ಸ್ಟ್ಯಾಂಡಿಗೆ ಮಾತ್ರ ಶೇರ್ ಆಟೋ ಹಿಡಿದೆವು. ಅಲ್ಲಿ ಮೊದಲು ತಿಂಡಿ. ಒಗ್ಗರಣೆ ಮಂಡಕ್ಕಿ, ಪಕ್ಕದಲ್ಲಿ ಎರಡು ಬಿಸಿ ಮಿರ್ಚಿ. ಬೆಂಗಳೂರಿನವರಿಗೆ ಬೆಳಗ್ಗೆ ಎಂಟಕ್ಕೆ ಮೆಣಸಿನಕಾಯಿ ಬಜ್ಜಿ ಅಂದರೆ ಗಾಬರಿ, ಈ ಕಡೆ ಅದೇ ನಾಷ್ಟಾ. ನೆನೆದ ಮಂಡಕ್ಕಿಗೆ ಈರುಳ್ಳಿ, ಅರಿಶಿನ, ಹುಳಿ ಹಾಕಿ ಮೇಲೆ ಹುರಿಗಡಲೆ ಪುಡಿ ಉದುರಿಸಿರುತ್ತಾರೆ. ತಿಂದರೆ ಮಧ್ಯಾಹ್ನದವರೆಗೆ ಹೊಟ್ಟೆ ತಂಟೆ ಮಾಡಲ್ಲ.

ಹಂಪಿ ಇಲ್ಲಿಂದ 13 ಕಿಲೋಮೀಟರ್, ಬಸ್ಸುಗಳಿಗೆ ಬರ ಇಲ್ಲ. ಅಮ್ಮ, ನಾನು ಆಧಾರ್ ತೋರಿಸಿ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ ತಗೊಂಡೆವು. ಅಕ್ಕನೂ ಗತ್ತಿನಿಂದ ಕಾರ್ಡ್ ಚಾಚಿದಳು. ಕಂಡಕ್ಟರ್ ತಿರುಗಿಸಿ ನೋಡಿದರು. ‘ಅಕ್ಕಾರ, ಇದು ಹೈದ್ರಾಬಾದ್ ಅಡ್ರೆಸ್ ಐತ್ರಿ. ನೀವು ಟಿಕೆಟ್ ತಗೋಬೇಕ್ರಿ.’ 2023ರ ಜೂನ್ 11ಕ್ಕೆ ಶುರುವಾದ ಈ ಯೋಜನೆ ಕರ್ನಾಟಕದ ವಿಳಾಸ ಇರೋ ಹೆಂಗಸರಿಗೆ ಮಾತ್ರ. ಅದೂ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ. ರಾಜಹಂಸ, ಎಸಿ, ಸ್ಲೀಪರ್ ಯಾವುದಕ್ಕೂ ಇಲ್ಲ. ಹುಟ್ಟಿ ಬೆಳೆದದ್ದು ಮಂಡ್ಯದಲ್ಲಿ, ಈಗ ಟಿಕೆಟ್ ಕೊಂಡು ಹಂಪಿ ನೋಡಬೇಕು ಅಂತ ಅಕ್ಕ ಗೊಣಗಿದಳು. ಮಗನಿಗೆ ಅರ್ಧ ಟಿಕೆಟ್. ‘ನಾನು ಕರ್ನಾಟಕದವನೇ ಅಲ್ವಾ?’ ಅಂತ ಅವನು ಕಂಡಕ್ಟರನ್ನೇ ಕೇಳಿದ. ಇಡೀ ಬಸ್ಸು ನಕ್ಕಿತು.

ರೂಮು ವಿರೂಪಾಕ್ಷ ದೇವಸ್ಥಾನದ ಪಕ್ಕದ ಜನತಾ ಪ್ಲಾಟಿನಲ್ಲಿ. ಇಲ್ಲಿ ಮನೆಗಳವರೇ ಮಹಡಿ ಮೇಲೆ ರೂಮು ಕಟ್ಟಿಸಿ ಬಾಡಿಗೆಗೆ ಕೊಡುತ್ತಾರೆ. ಆ್ಯಪ್‌ನಲ್ಲಿ 1,500 ತೋರಿಸುತ್ತಿದ್ದ ಮನೆಗೆ ಒಂದು ವಾರ ಮೊದಲು ನೇರ ಫೋನ್ ಮಾಡಿದ್ದೆ. ‘ಬುಧವಾರ, ಗುರುವಾರ ಆದ್ರ ಸಾವಿರಕ್ಕ ಕೊಡ್ತೀನ್ರಿ, ಶನಿವಾರ ಆದ್ರ ಆಗಂಗಿಲ್ರಿ’ ಅಂದಿದ್ದರು ಮನೆಯಾಕೆ. ಎರಡು ಮಂಚ, ಒಂದು ಹೆಚ್ಚುವರಿ ಹಾಸಿಗೆ, ಸೊಳ್ಳೆ ಪರದೆ. ವಾರದ ನಡುವೆ ಹೋಗೋದರ ಇನ್ನೊಂದು ಲಾಭ ಏನಂದರೆ ಹಿಂದಿನ ರಾತ್ರಿ ರೂಮು ಖಾಲಿ ಇತ್ತು, ಬೆಳಗ್ಗೆ ಹತ್ತಕ್ಕೇ ಬೀಗದ ಕೈ ಕೊಟ್ಟರು. ಇಲ್ಲದಿದ್ದರೆ ಚೀಲ ಹೊತ್ತುಕೊಂಡು ಮಧ್ಯಾಹ್ನದವರೆಗೆ ಅಲೆಯಬೇಕಿತ್ತು.

ಆ ದಿನ ದುಡ್ಡು ಕೊಟ್ಟು ನೋಡೋದು ಏನೂ ಇಟ್ಟುಕೊಂಡಿರಲಿಲ್ಲ. ಹಂಪಿಯಲ್ಲಿ ಟಿಕೆಟ್ ಇಲ್ಲದೆ ನೋಡೋದೇ ಜಾಸ್ತಿ. ವಿರೂಪಾಕ್ಷ ದೇವಸ್ಥಾನ, ಗರ್ಭಗುಡಿಯ ಹಿಂದಿನ ಕತ್ತಲ ಕೋಣೆಯಲ್ಲಿ ಗೋಡೆ ಮೇಲೆ ತಲೆಕೆಳಗಾಗಿ ಬೀಳೋ ಗೋಪುರದ ನೆರಳು, ಹೇಮಕೂಟ, ಕಡಲೆಕಾಳು ಗಣೇಶ, ಸಾಸಿವೆಕಾಳು ಗಣೇಶ, ಉಗ್ರನರಸಿಂಹ, ಬಡವಿಲಿಂಗ. ಬಿಸಿಲೇರಿದ ಮೇಲೆ ರೂಮಿಗೆ ಬಂದು ಮಲಗಿದೆವು. ಮನೆಯಾಕೆ ಬಿಸಿ ಅನ್ನ ಮಾತ್ರ ಮಾಡಿಕೊಟ್ಟರು, ನಮ್ಮ ಗೊಜ್ಜು ಇತ್ತಲ್ಲ. ಪಕ್ಕದ ರೂಫ್‌ಟಾಪ್ ಕೆಫೆಯಲ್ಲಿ ಒಂದು ಪಾಸ್ತಾ 260 ಅಂತ ಬೋರ್ಡು ನೇತಾಡುತ್ತಿತ್ತು. ಮಗ ಅದನ್ನ ಓದಿ, ಪುಸ್ತಕ ನೋಡಿ, ತಾನೇ ಬೇಡ ಅಂದ.

ಸಂಜೆ ಹೇಮಕೂಟದ ಬಂಡೆ ಮೇಲೆ ಕೂತೆವು. ಅಮ್ಮನೂ ನಿಧಾನಕ್ಕೆ ಹತ್ತಿದಳು, ಅದು ಬೆಟ್ಟ ಅನ್ನೋದಕ್ಕಿಂತ ಏರು ಬಂಡೆ. ನದಿಯಲ್ಲಿ ನೀರು ಜಾಸ್ತಿ ಇದ್ದಿದ್ದರಿಂದ ತೆಪ್ಪ ಬಿಟ್ಟಿರಲಿಲ್ಲ. ಮಗನಿಗೆ ಬೇಜಾರು, ಪರ್ಸಿಗೆ ಖುಷಿ.

ಗುರುವಾರ, ಹಂಪಿ

ಈ ದಿನ ಕೈ ಬಿಚ್ಚಿದ್ದು. ಕಮಲಾಪುರದ ಕಡೆಯ ಅರಮನೆ ಭಾಗ, ವಿಜಯವಿಠ್ಠಲ ದೇವಸ್ಥಾನ ಎಲ್ಲಾ ಒಂದಕ್ಕೊಂದು ದೂರ ಇವೆ. ನಾನೊಬ್ಬಳೇ ಆಗಿದ್ದರೆ ಬಜಾರಿನಲ್ಲಿ ಸೈಕಲ್ ಬಾಡಿಗೆಗೆ ತಗೊಂಡು ಸುತ್ತುತ್ತಿದ್ದೆ. ಅಮ್ಮನನ್ನ ಕರ್ಕೊಂಡು ಅದು ಆಗಲ್ಲ. ಮಂಡಿ ನೋವಿರುವವರನ್ನ ಬಿಸಿಲಲ್ಲಿ ನಡೆಸಿ 900 ಉಳಿಸಿ, ಆಮೇಲೆ ನೋವಿನ ಮಾತ್ರೆ, ಮುಲಾಮು ಅಂತ ಓಡಾಡೋದು ಉಳಿತಾಯ ಅಲ್ಲ. ಮನೆಯಾಕೆಯ ಪರಿಚಯದ ಆಟೋ, ಬೆಳಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ 900. ರಸ್ತೆಯಲ್ಲಿ ಕೇಳಿದವರು 1,400 ಹೇಳಿದ್ದರು.

ಟಿಕೆಟ್ಟಿನ ವಿಷಯ ಗೊತ್ತಿರಲಿ. ಕಮಲ ಮಹಲ್, ಆನೆಲಾಯ ಇರೋ ಜನಾನಾ ಆವರಣಕ್ಕೂ ವಿಠ್ಠಲ ದೇವಸ್ಥಾನಕ್ಕೂ ಒಂದೇ ಟಿಕೆಟ್, ಅದೇ ದಿನ ಆಗಬೇಕು ಅಷ್ಟೇ. ಭಾರತೀಯರಿಗೆ 40 ರೂಪಾಯಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ತಗೊಂಡರೆ 35. ಹದಿನೈದರೊಳಗಿನ ಮಕ್ಕಳಿಗೆ ಇಲ್ಲ. ಇವತ್ತು ಒಂದು, ನಾಳೆ ಒಂದು ಅಂತ ಹಂಚಿಕೊಂಡು ನೋಡಿದವರು ಎರಡು ಸಲ ಕೊಡುತ್ತಾರೆ. ಹಜಾರರಾಮ, ಮಹಾನವಮಿ ದಿಬ್ಬ, ಮೆಟ್ಟಿಲು ಪುಷ್ಕರಣಿ, ರಾಣಿ ಸ್ನಾನಗೃಹ ಇವೆಲ್ಲ ಬಿಟ್ಟಿ.

ಹಜಾರರಾಮದಲ್ಲಿ ಅಮ್ಮ ಸುಮಾರು ಹೊತ್ತು ನಿಂತಳು. ಗೋಡೆ ತುಂಬ ರಾಮಾಯಣ. ದಶರಥನ ಯಾಗದಿಂದ ಶುರು ಮಾಡಿ ಮೊಮ್ಮಗನಿಗೆ ಒಂದೊಂದೇ ಕಲ್ಲು ತೋರಿಸಿ ಕಥೆ ಹೇಳಿದಳು. ಪಕ್ಕದಲ್ಲಿ ಗೈಡ್ ಜೊತೆ ಬಂದಿದ್ದ ಒಂದು ಕುಟುಂಬ ಮೆಲ್ಲಗೆ ಗೈಡನ್ನ ಬಿಟ್ಟು ಅಮ್ಮನ ಹಿಂದೆ ನಿಂತಿತು. ಗೈಡ್ ಪಾಪ ಗಡಿಯಾರ ನೋಡ್ತಾ ಇದ್ದ.

ಹತ್ತು ಗಂಟೆ ಹೊತ್ತಿಗೆ ಬಾಟಲಿಗಳೆಲ್ಲ ಖಾಲಿ. ಆಟೋದವರು ಕಮಲಾಪುರದಲ್ಲಿ ಒಂದು ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ನಿಲ್ಲಿಸಿದರು. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್. ಮಗ ನಾಣ್ಯ ಹಾಕಿದ, ನೀರು ಧೋ ಅಂತ ಬಂತು. ನಮ್ಮ ನಾಲ್ಕು ಸ್ಟೀಲ್ ಬಾಟಲಿ ಕಣ್ಣು ಮುಚ್ಚಿ ತೆರೆಯೋದರೊಳಗೆ ತುಂಬಿದವು, ನೀರು ಮಾತ್ರ ನಿಲ್ಲಲಿಲ್ಲ. ಹಿಂದೆ ಕ್ಯಾನ್ ಹಿಡಿದು ನಿಂತಿದ್ದ ಹೆಂಗಸು ‘ಸರೀರಿ, ಸರೀರಿ’ ಅಂತ ಮುಂದೆ ಬಂದು ತನ್ನ ಕ್ಯಾನ್ ಒಡ್ಡಿದಳು. ತುಂಬಿದ ಮೇಲೆ ತನ್ನ ನಾಣ್ಯ ಮಗನ ಕೈಗೆ ಕೊಡೋಕೆ ಬಂದಳು, ಅಮ್ಮ ಬೇಡ ಅಂದಳು. ಲೀಟರಿಗೆ 20 ರೂಪಾಯಿಯ ಬಾಟಲಿ ಕೊಂಡಿದ್ದರೆ ನಾಲ್ಕು ಜನಕ್ಕೆ ದಿನಕ್ಕೆ 150 ನೀರಿಗೇ ಹೋಗುತ್ತಿತ್ತು. ಈ ಘಟಕಗಳು ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿವೆ, ಪ್ರವಾಸಿಗರು ಮಾತ್ರ ತಿರುಗಿಯೂ ನೋಡಲ್ಲ. ಐದು ರೂಪಾಯಿಯ ನಾಣ್ಯ ನಾಲ್ಕೈದು ಚೀಲದಲ್ಲಿರಲಿ.

ವಿಠ್ಠಲ ದೇವಸ್ಥಾನಕ್ಕೆ ಪಾರ್ಕಿಂಗ್ ಜಾಗದಿಂದ ಬ್ಯಾಟರಿ ಗಾಡಿ, ತಲೆಗೆ 20. ಕಲ್ಲಿನ ರಥದ ಮುಂದೆ ಎಲ್ಲರೂ ಐವತ್ತರ ನೋಟು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬರುವಾಗ ಅಮ್ಮ, ಅಕ್ಕ ಮತ್ತೆ ಗಾಡಿ ಹತ್ತಿ ಆಟೋದಲ್ಲಿ ರೂಮಿಗೆ ಹೋದರು. ನಾನು, ಮಗ ನದಿ ದಂಡೆ ಹಿಡಿದು ಹಂಪಿ ಬಜಾರಿಗೆ ನಡೆದೆವು. ಎರಡು ಕಿಲೋಮೀಟರ್ ಚಿಲ್ಲರೆ. ದಾರಿಯಲ್ಲಿ ಪುರಂದರ ಮಂಟಪ, ರಾಜರ ತುಲಾಭಾರದ ಕಲ್ಲು ಕಮಾನು, ಅಚ್ಯುತರಾಯ ದೇವಸ್ಥಾನ, ಅದರ ಮುಂದೆ ಯಾರೂ ಇಲ್ಲದ ಉದ್ದನೆಯ ಹಳೇ ಬಜಾರು. ನನ್ನ ಕೇಳಿದರೆ ಹಂಪಿಯ ಒಳ್ಳೇ ಭಾಗ ಇದೇ. ಇದಕ್ಕೆ ಟಿಕೆಟ್ಟೂ ಇಲ್ಲ, ಗಾಡಿಯೂ ಬರಲ್ಲ.

ಶುಕ್ರವಾರ, ಗದಗ ದಾರಿ

ಬಾದಾಮಿ, ಐಹೊಳೆ, ಕಮಲಾಪುರ ಮೂರೂ ಕಡೆ ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ಹಾಗಾಗಿ ಪ್ರಯಾಣದ ದಿನ ಅಂತ ಶುಕ್ರವಾರವನ್ನೇ ಇಟ್ಟಿದ್ದೆ.

ಹೊಸಪೇಟೆಯಿಂದ ಗದಗಿಗೆ ಬಸ್ಸಾದರೆ ನಮ್ಮಿಬ್ಬರಿಗೆ ಬಿಟ್ಟಿ. ಆದರೂ ರೈಲು ಹಿಡಿದೆವು, ಜನರಲ್ ಟಿಕೆಟ್. ಕಾರಣ ಹೇಳೋಕೆ ಸಂಕೋಚ ಏನಿಲ್ಲ, ರೈಲಲ್ಲಿ ಶೌಚಾಲಯ ಇರುತ್ತೆ. ಬಸ್ಸಿನಲ್ಲಿ ಹೋಗಬೇಕು ಅಂದರೆ ಅಮ್ಮ ಬೆಳಗ್ಗಿಂದ ನೀರೇ ಕುಡಿಯಲ್ಲ, ಆಮೇಲೆ ತಲೆನೋವು ಅಂತಾಳೆ. ಬಿಟ್ಟಿ ಅಂದಾಕ್ಷಣ ಅದೇ ಸರಿ ಅಂತ ಅಲ್ಲ. ಜನರಲ್ ಬೋಗಿಯಲ್ಲಿ ಕೂರೋಕೆ ಜಾಗವೂ ಸಿಕ್ಕಿತು. ಕೊಪ್ಪಳದ ಕೋಟೆ ಬೆಟ್ಟ ಕಿಟಕಿಯಲ್ಲಿ ಬಂದು ಹೋಯಿತು, ಗದಗ ಹತ್ತಿರ ಆದ ಹಾಗೆ ಗಾಳಿಯಂತ್ರಗಳು ಶುರುವಾದವು.

ಗದಗಿನಲ್ಲಿ ಮುಂದಿನ ರೈಲಿಗೆ ಸಾಕಷ್ಟು ಸಮಯ ಇತ್ತು. ತಲೆಗೊಂದೇ ಚೀಲ ಅನ್ನೋ ನಿಯಮ ಇಲ್ಲಿ ಉಪಯೋಗಕ್ಕೆ ಬಂತು. ಹೆಗಲಿಗೆ ಹಾಕಿಕೊಂಡೇ ವೀರನಾರಾಯಣ ದೇವಸ್ಥಾನಕ್ಕೆ ಹೋದೆವು. ಕುಮಾರವ್ಯಾಸ ಇಲ್ಲೇ ಒಂದು ಕಂಬದ ಬುಡದಲ್ಲಿ ಕೂತು ಭಾರತ ಬರೆದ ಅಂತ ಪ್ರತೀತಿ. ಆ ಕಂಬವನ್ನ ತೋರಿಸುತ್ತಾರೆ. ಅಲ್ಲಿಂದ ತ್ರಿಕೂಟೇಶ್ವರ. ಅದರ ಪಕ್ಕದ ಸರಸ್ವತಿ ಗುಡಿಯ ಕಂಬಗಳ ಕೆತ್ತನೆ ನೋಡಿ ಅಕ್ಕ ‘ಇದಕ್ಕೆ ಟಿಕೆಟ್ ಇಲ್ವಾ ನಿಜವಾಗಲೂ?’ ಅಂದಳು. ಇಡೀ ಜಾಗದಲ್ಲಿ ನಮ್ಮನ್ನ ಬಿಟ್ಟರೆ ಇಬ್ಬರು ಕಾಲೇಜು ಹುಡುಗರು ಮಾತ್ರ ಇದ್ದರು.

ಊಟ ಒಂದು ಖಾನಾವಳಿಯಲ್ಲಿ. ನಾಲ್ಕು ಊಟ ಹೇಳೋ ಮೊದಲು ಮೂರು ಹೇಳಿ ನೋಡಿ, ಮಗುವಿಗೆ ಬೇರೆ ಬೇಕಾಗಲ್ಲ ಅಂತ ಅಲ್ಲಿಯವರೇ ಹೇಳಿದರು. ಎರಡು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಹಸಿ ಸೌತೆಕಾಯಿ, ಮೆಂತ್ಯ ಸೊಪ್ಪು, ಈರುಳ್ಳಿ, ಆಮೇಲೆ ಅನ್ನ, ಸಾರು, ಮಜ್ಜಿಗೆ. ಒಂದಕ್ಕೆ 90. ‘ಇನ್ನೊಂದ್ ರೊಟ್ಟಿ ಹಾಕಸ್ಕೋರಿ ಯವ್ವಾ, ಏನ್ ಉಂಡೇ ಇಲ್ಲ ನೀವು’ ಅಂತ ಬಡಿಸುವಾಕೆ ಅಮ್ಮನ ತಟ್ಟೆಗೆ ಕೇಳದೇ ಹಾಕಿದಳು. ಅಮ್ಮ ತನ್ನ ಅಡುಗೆ ಬಿಟ್ಟು ಬೇರೆಯವರದ್ದನ್ನ ಹೊಗಳೋದು ಅಪರೂಪ. ಇಲ್ಲಿ ಎಣ್ಣೆಗಾಯಿಗೆ ಏನೇನು ಹಾಕ್ತೀರಿ ಅಂತ ಕೇಳಿ ಬಂದಳು. ಗುರೆಳ್ಳು ಪುಡಿ ಅಂತೆ.

ಬಾದಾಮಿ ಸ್ಟೇಷನ್ ಊರಿಂದ ಐದು ಕಿಲೋಮೀಟರ್ ಆಚೆ. ಇಳಿದ ಜನರ ಜೊತೆಗೇ ಹೊರಗೆ ಬಂದರೆ ಟಂಟಂ, ಅಂದರೆ ಶೇರ್ ಆಟೋ ಸಿಗುತ್ತದೆ, ತಲೆಗೆ 20. ಹಿಂದೆ ಉಳಿದರೆ ಸ್ಪೆಷಲ್ ಆಟೋ. ಹಾಗಾಗಿ ಫೋಟೋ ಗೀಟೋ ಅಂತ ಪ್ಲಾಟ್‌ಫಾರಂನಲ್ಲಿ ನಿಲ್ಲಬೇಡಿ.

ಬಸ್ ಸ್ಟ್ಯಾಂಡ್ ಹತ್ತಿರ ಲಾಡ್ಜು. ಎಸಿ ರೂಮು 1,600, ನಾನ್ ಎಸಿ 1,200. ಹೋಗಿ ನೋಡಿದರೆ ಎರಡೂ ಒಂದೇ ರೂಮು. ರಿಮೋಟ್ ಕೊಟ್ಟರೆ ಎಸಿ, ಕೊಡದಿದ್ದರೆ ನಾನ್ ಎಸಿ. ಅಕ್ಟೋಬರ್ ರಾತ್ರಿಗೆ ಫ್ಯಾನ್ ಸಾಕಾಯಿತು.

ಶನಿವಾರ, ಬಾದಾಮಿ

ಗುಹೆಗಳಿಗೆ ಬಾಗಿಲು ತೆಗೆದ ತಕ್ಷಣ ಹೋದೆವು. ಟಿಕೆಟ್ 25, ಆನ್‌ಲೈನ್ 20. ಕೋತಿಗಳಿವೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಕಿತ್ತುಕೊಳ್ಳುತ್ತವೆ. ನಮ್ಮ ಮುಂದೆಯೇ ಒಬ್ಬರ ಚಿಪ್ಸ್ ಪೊಟ್ಟಣ ಹೋಯಿತು. ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನ ತನಕ ಅಮ್ಮ ಬಂದಳು. ಮುಂದಿನ ಮೆಟ್ಟಿಲು ಬೇಡ ಅಂತ ನೆರಳಲ್ಲಿ ಕೂತಳು. ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ ಇದೆ, ಕ್ರಿ.ಶ. 578ರದ್ದು. ಅಲ್ಲಿಂದ ಕೆಳಗೆ ಅಗಸ್ತ್ಯ ತೀರ್ಥ ಹಸಿರಾಗಿ ಕಾಣುತ್ತದೆ, ಮೆಟ್ಟಿಲ ಮೇಲೆ ಬಟ್ಟೆ ಒಗೆಯೋ ಸದ್ದು ಮೇಲಿನವರೆಗೂ ಕೇಳುತ್ತದೆ.

ಕೆರೆ ಸುತ್ತ ನಡೆಯೋದು ಬಿಟ್ಟಿ, ಭೂತನಾಥ ಗುಡಿಯೂ ಬಿಟ್ಟಿ. ಮ್ಯೂಸಿಯಂಗೆ ಐದು ರೂಪಾಯಿ. ಕಪ್ಪೆ ಅರಭಟ್ಟನ ಶಾಸನವೂ ಈ ಕೆರೆ ಕಡೆಯ ಬಂಡೆಯಲ್ಲೇ ಇದೆ. ‘ಸಾಧುಗೆ ಸಾಧು’ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದನ್ನ ಅಕ್ಕ ಅಲ್ಲಿ ನಿಂತು ಪೂರ್ತಿ ಹೇಳಿದಳು. ಹೈದರಾಬಾದಿಗೆ ಹೋಗಿ ಇಷ್ಟು ವರ್ಷ ಆದರೂ ಮರೆತಿಲ್ಲ.

ಮಧ್ಯಾಹ್ನದ ಊಟಕ್ಕೆ ಬನಶಂಕರಿ, ಊರಿಂದ ಐದು ಕಿಲೋಮೀಟರ್. ದೇವರ ದರ್ಶನ ಆಯಿತು, ನಿಜ, ಆದರೆ ಊಟವೇ ನಮ್ಮನ್ನ ಎಳೆದುಕೊಂಡು ಹೋದದ್ದು. ಗುಡಿ ಎದುರಿನ ಹೊಂಡದ ಮಂಟಪದ ಹತ್ತಿರ ಸುತ್ತಲ ಹಳ್ಳಿಯ ಹೆಂಗಸರು ಬುಟ್ಟಿ ಹೊತ್ತು ಬರುತ್ತಾರೆ. ನಾವು ಕೂತಿದ್ದೇ ತಡ, ಇಬ್ಬರು ಮೂವರು ಬಂದರು. ‘ತಗೋರಿ ಅಕ್ಕಾರ, ಬೆಳಗ್ಗೆ ಬಡಿದಿದ್ದು, ಮೊಸರು ನೋಡ್ರಿ ಹೆಂಗ್ ಗಟ್ಟಿ ಐತಿ.’ ನಾವು ಒಪ್ಪಿದಾಕೆ ಬುಟ್ಟಿ ಇಳಿಸಿ ಮೇಲಿನ ಬಿಳಿ ಬಟ್ಟೆ ಸರಿಸಿದಳು. ರೊಟ್ಟಿ ಮಡಚಿ ಇಟ್ಟಿದ್ದವು. ಒಂದೊಂದೇ ಡಬ್ಬಿ ಬಿಚ್ಚಿದಳು: ಜುಣಕ, ಮಡಿಕೆಕಾಳು ಪಲ್ಯ, ಬದನೆಕಾಯಿ, ಕೆಂಪು ಖಾರ, ಶೇಂಗಾ ಚಟ್ನಿ ಪುಡಿ. ಕೊನೆಗೆ ಮಣ್ಣಿನ ಕುಡಿಕೆಯ ಮೊಸರು. ಕುಡಿಕೆ ತಲೆಕೆಳಗು ಮಾಡಿ ತೋರಿಸಿದಳು, ಮೊಸರು ಬೀಳಲಿಲ್ಲ. ತಟ್ಟೆಗೆ 60. ಖಾರ ತಿಂದು ಮಗನ ಮೂಗು, ಕಣ್ಣು ಎಲ್ಲಾ ನೀರು, ಅವಳು ನಕ್ಕು ಇನ್ನೊಂದು ಚಮಚ ಮೊಸರು ಹಾಕಿದಳು. ಇಲ್ಲಿ ಚೌಕಾಸಿ ಮಾಡಲಿಲ್ಲ. ಆ ಬುಟ್ಟಿ ಎಷ್ಟು ಹೊತ್ತಿಗೆ ಎದ್ದು ತುಂಬಿಸಿದ್ದೋ, ಐದು ರೂಪಾಯಿ ಇಳಿಸಿ ಏನು ಮಾಡಬೇಕು? ಭಾನುವಾರದ ರೈಲಿಗೆ ಅಂತ ಖಡಕ್ ರೊಟ್ಟಿ ಹನ್ನೆರಡು, ಶೇಂಗಾ ಚಟ್ನಿ ಕಾಲು ಕಿಲೋ ಕಟ್ಟಿಸಿಕೊಂಡೆವು. ಖಡಕ್ ರೊಟ್ಟಿ ವಾರ ಇಟ್ಟರೂ ಕೆಡಲ್ಲ.

ಸಂಜೆ ಅಕ್ಕ ಗುಳೇದಗುಡ್ಡದ ಖಣದ ಅಂಗಡಿಗೆ ನುಗ್ಗಿದಳು. ಹೊರಗೆ ಬಂದಾಗ ಕೈಯಲ್ಲಿ ನಾಲ್ಕು ಖಣ. ಮಗ ಪುಸ್ತಕ ತೆಗೆದ. ‘ದೊಡ್ಡಮ್ಮ, ಇದು ಖರ್ಚಿಗೆ ಸೇರಲ್ಲ, ನಿಮ್ಮ ಸ್ವಂತ ದುಡ್ಡು.’ ಅಮ್ಮ ಮೊಮ್ಮಗನ ಪರ ನಿಂತಳು, ಒಂದು ಖಣ ಮಾತ್ರ ತನಗೆ ಅಂತ ಎತ್ತಿಟ್ಟುಕೊಂಡಳು.

ಭಾನುವಾರ, ಐಹೊಳೆ ಮತ್ತು ಪಟ್ಟದಕಲ್ಲು

ಹಿಂದಿನ ರಾತ್ರಿಯೇ ಬಸ್ ಸ್ಟ್ಯಾಂಡಿಗೆ ಹೋಗಿ ವಿಚಾರಣೆ ಕಿಟಕಿಯಲ್ಲಿ ಸಮಯ ಬರೆದುಕೊಂಡಿದ್ದೆ. ಹೋಗೋದಲ್ಲ, ಬರೋ ಬಸ್ಸು ಯಾವಾಗ ಅಂತ ಕೇಳಬೇಕು. ಪಟ್ಟದಕಲ್ಲು 22 ಕಿಲೋಮೀಟರ್, ಬಸ್ಸು ಬೇಕಾದಷ್ಟಿವೆ. ಐಹೊಳೆ ಅದರಾಚೆ, ಬಸ್ಸು ಕಡಿಮೆ. ಹಾಗಾಗಿ ಬೆಳಗಿನ ಬಸ್ಸಿಗೆ ಮೊದಲು ದೂರದ ಐಹೊಳೆಗೆ, ಅಲ್ಲಿಂದ ವಾಪಸ್ ಬರುತ್ತಾ ಪಟ್ಟದಕಲ್ಲು. ಉಲ್ಟಾ ಮಾಡಿದವರು ಮಧ್ಯಾಹ್ನದ ಮೇಲೆ ಐಹೊಳೆಯಲ್ಲಿ ಸಿಕ್ಕಿಹಾಕಿಕೊಂಡು ಆಟೋದವರ ಬಾಯಿಗೆ ಬೀಳುತ್ತಾರೆ. ಭಾನುವಾರ ಬೇರೆ, ಬಸ್ಸು ತುಂಬಿತ್ತು. ಯಾರೋ ಹುಡುಗ ಎದ್ದು ಅಮ್ಮನಿಗೆ ಜಾಗ ಕೊಟ್ಟ.

ಐಹೊಳೆಯಲ್ಲಿ ದುರ್ಗ ಗುಡಿಯ ಆವರಣಕ್ಕೆ ಟಿಕೆಟ್ 25, ಆನ್‌ಲೈನ್ 20. ಲಾಡ್ ಖಾನ್ ಗುಡಿಯೂ ಅದರೊಳಗೇ ಬರುತ್ತದೆ. ಊರೊಳಗೆ ಚದುರಿದ ಉಳಿದ ಗುಡಿಗಳಿಗೆ ಟಿಕೆಟ್ ಇಲ್ಲ. ನಾನು, ಮಗ ಮೇಗುತಿ ಗುಡ್ಡ ಹತ್ತಿದೆವು. ಮೇಲಿನ ಬಸದಿಯ ಗೋಡೆಯಲ್ಲಿ ರವಿಕೀರ್ತಿ ಬರೆಸಿದ ಶಾಸನ, ಕ್ರಿ.ಶ. 634ರದ್ದು, ಪುಲಿಕೇಶಿ ಹರ್ಷನನ್ನ ಸೋಲಿಸಿದ ವಿಷಯ ಇರೋದು ಇದರಲ್ಲೇ. ರವಿಕೀರ್ತಿ ತನ್ನನ್ನ ಕಾಳಿದಾಸ, ಭಾರವಿಗೆ ಹೋಲಿಸಿಕೊಂಡಿದ್ದಾನೆ. ಹೊಗಳಿಕೊಳ್ಳೋಕೆ ಏನು ಖರ್ಚು ಅಂತ ಅವನಿಗೂ ಅನಿಸಿರಬೇಕು.

ಪಟ್ಟದಕಲ್ಲಿಗೆ ಟಿಕೆಟ್ 40, ಆನ್‌ಲೈನ್ 35. ಯುನೆಸ್ಕೋ ಪಟ್ಟಿಗೆ ಹಂಪಿ 1986ರಲ್ಲಿ, ಇದು 1987ರಲ್ಲಿ ಸೇರಿದ್ದು. ಇಲ್ಲಿ ಮೆಟ್ಟಿಲು ಕಡಿಮೆ, ಹುಲ್ಲುಹಾಸು, ಎಲ್ಲಾ ಗುಡಿ ಒಂದೇ ಆವರಣದಲ್ಲಿ. ಅಮ್ಮ ಯಾರ ಸಹಾಯವೂ ಇಲ್ಲದೆ ಸುತ್ತಿದಳು. ದೊಡ್ಡ ವಿರೂಪಾಕ್ಷ ಗುಡಿ ಕಟ್ಟಿಸಿದ್ದು ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನ ಗೆದ್ದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ಗುಡಿ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ‘ಗಂಡ ಗೆದ್ದಿದ್ದಕ್ಕೆ ಇಬ್ಬರೂ ಪೈಪೋಟಿಗೆ ಬಿದ್ದು ಕಟ್ಟಿಸಿದಾರೆ ನೋಡೇ’ ಅಂದಳು ಅಮ್ಮ. ಅಕ್ಕತಂಗಿಯರೂ ಆಗಿದ್ದರಂತೆ ಅಂದೆ. ‘ಹಾಗಿದ್ರೆ ಪೈಪೋಟಿ ಖಂಡಿತ’ ಅಂತ ನಮ್ಮಿಬ್ಬರ ಮುಖ ನೋಡಿದಳು.

ರೂಮು ಬೆಳಗ್ಗೆಯೇ ಖಾಲಿ ಮಾಡಿ ಚೀಲಗಳನ್ನ ಲಾಡ್ಜಿನ ಕೌಂಟರಿನಲ್ಲಿ ಬಿಟ್ಟಿದ್ದೆವು. ಅರ್ಧ ದಿನಕ್ಕೆ ಅಂತ ಇನ್ನೊಂದು ಬಾಡಿಗೆ ಕೊಡಬೇಕಿಲ್ಲ, ಕೇಳಿದರೆ ಇಟ್ಟುಕೊಳ್ಳುತ್ತಾರೆ. ಅಲ್ಲೇ ಮುಖ ತೊಳೆದು, ಟಂಟಂ ಹಿಡಿದು ಸ್ಟೇಷನ್ನಿಗೆ. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್, ಹುಬ್ಬಳ್ಳಿ ಮೇಲೆ ಬೆಂಗಳೂರಿಗೆ. ಖಡಕ್ ರೊಟ್ಟಿ ಮುರಿದು ಚಟ್ನಿ ಪುಡಿಗೆ ಮೊಸರು ಕಲಸಿ ತಿಂದೆವು. ಎದುರಿನ ಸೀಟಿನ ಅಜ್ಜ ತಮ್ಮ ಬುತ್ತಿಯಿಂದ ಹಸಿಮೆಣಸಿನಕಾಯಿ ಕೊಟ್ಟರು, ಮಗ ಕೈ ಹಿಂದಕ್ಕೆ ಎಳೆದುಕೊಂಡ.

ಮಗ ಲೆಕ್ಕ ಕೂಡಿಸಿ ಓದಿದ. ರೈಲು ಎಲ್ಲಾ ಸೇರಿ 2,860. ರೂಮು 4,400. ಊಟ ತಿಂಡಿ 3,300. ಹಂಪಿಯ ಆಟೋ 900. ಬಸ್ಸು, ಟಂಟಂ, ಬ್ಯಾಟರಿ ಗಾಡಿ 880. ನೋಡೋ ಜಾಗಗಳ ಟಿಕೆಟ್ 345. ಒಟ್ಟು 12,685. ನಾನು ಫೋನಿನಲ್ಲಿ ಕೂಡಿಸಿ ನೋಡಿದೆ, ಸರಿ ಇತ್ತು. ಪರ್ಸಿನಲ್ಲಿ 2,300 ಚಿಲ್ಲರೆ ಉಳಿದಿದೆ. ಅದನ್ನ ವಿಜಯಪುರಕ್ಕೆ ಎತ್ತಿಡೋಣ ಅಂತ ಅಕ್ಕ, ಲೆಕ್ಕ ಬರೆದವನಿಗೆ ಸಂಬಳ ಬೇಡವಾ ಅಂತ ಮಗ. ಹುಬ್ಬಳ್ಳಿ ಬರೋವರೆಗೂ ಜಗಳ ಆಡಿ ಇಬ್ಬರೂ ನಿದ್ದೆ ಹೋದರು. ಪರ್ಸು ಸದ್ಯಕ್ಕೆ ಅಮ್ಮನ ಹತ್ತಿರ ಇದೆ.